ಚೌಕಾಸಿ ಮಾಡಿ ತೀರಿಸಿದ ಸಾಲ

ಮರಾಠಿ ನಾಡಿನ ಸದಾಶಿವ ಪೇಠದ ನಮ್ಮ ಕಟ್ಟಡದ ಕೆಳಮನೆಯಲ್ಲಿದ್ದವರು ಧಾರವಾಡದ ಕಡೆಯ ನಿವೃತ್ತ ಬ್ಯಾಂಕ್ ಮ್ಯಾನೇಜರು. ಯಾರು ಎಂಥ ಗೋಳು ಹೇಳಿಕೊಂಡರೂ ಕನ್ನಡಕವನ್ನು ಹಣೆಗೇರಿಸಿ, "ಇರ್ಲಿ ರೀ, ಮುಂದ?" ಎನ್ನುತ್ತಿದ್ದರು.

ಎಂದೋ ತೀರಿಸಿದ ಕ್ರೆಡಿಟ್ ಕಾರ್ಡ್ ಸಾಲ ನನ್ನ ಕ್ರೆಡಿಟ್ ರಿಪೋರ್ಟಿನಲ್ಲಿ ಕಲೆಯಾಗಿ ಉಳಿದು, ಮನೆಸಾಲ ಸಿಗದೆ ಹೋದಾಗ ನಾನೂ ಅವರ ಬಾಗಿಲು ತಟ್ಟಿದೆ.

"ತೀರಿಸೀನ್ರಿ! ತುಳಶೀಬಾಗದ ಸೀರಿ ಅಂಗಡ್ಯಾಗ ಜಗ್ಗಾಡಿದಂಗ ಜಗ್ಗಾಡಿ, ಅರ್ಧಾ ಬಿಡಿಸ್ಕೊಂಡೀನಿ!" ಎಂದು ಎದೆಯುಬ್ಬಿಸಿದೆ. ಆ ಸಾಹಸವನ್ನು ನಾನು ಹೋದಬಂದ ಮದುವೆಗಳಲ್ಲೆಲ್ಲ ಹೇಳಿಕೊಂಡು ತಿರುಗಿದ್ದೆ.

ಅವತ್ತು ಅವರು "ಮುಂದ?" ಎನ್ನಲಿಲ್ಲ. "ಅಂಗಡ್ಯಾಗ ಬಿಟ್ಟಿದ್ದನ್ನ ಅವರು ಸಂಜಿಗೇ ಮರೀತಾರ. ಬ್ಯಾಂಕಿನಾಗ ಬಿಟ್ಟಿದ್ದನ್ನ ರಿಪೋರ್ಟಿನಾಗ ಬರದಿಡ್ತಾರ್ರಿ. ಆ ಬಿಟ್ಟ ರೊಕ್ಕಾನೂ ಕಟ್ಟಿ, ಬಾಕಿ ಇಲ್ಲಂತ ಪತ್ರ ತಗೊಳ್ರಿ. ಆಮ್ಯಾಲೆ ರಿಪೋರ್ಟ್ ತಿದ್ದಸೂಣು," ಎಂದವರೇ ಚಪ್ಪಲಿ ಮೆಟ್ಟಿಕೊಂಡು ನನ್ನ ಜೊತೆ ಬ್ಯಾಂಕಿಗೆ ಹೊರಟರು. ದಾರಿಯುದ್ದಕ್ಕೂ, "ಅಲ್ಲಿ ಸುಮ್ಮನಿರ್ರಿ," ಎಂದು ಹೇಳುತ್ತಲೇ ಇದ್ದರು. ನಾನು ಸಣ್ಣ ಹುಡುಗನಂತೆ ತಲೆಯಾಡಿಸುತ್ತಿದ್ದೆ.

ಕೌಂಟರಿನಲ್ಲಿದ್ದ ಹೆಣ್ಣುಮಗಳು ಕಂಪ್ಯೂಟರ್ ನೋಡಿ, ಕಟ್ಟಬೇಕಾದ ಮೊತ್ತ ಹೇಳಿದಳು. ನಾನು ತುಂಬ ವಿನಯದಿಂದ ಚೆಕ್ ಪುಸ್ತಕ ಬಿಚ್ಚಿದೆ, ಪೆನ್ನಿನ ಮುಚ್ಚಳ ತೆಗೆದೆ. ಅಷ್ಟರಲ್ಲಿ ನನ್ನ ಬಾಯಿ ತನ್ನಷ್ಟಕ್ಕೆ ತಾನೇ, ಸ್ವಲ್ಪ ಕಡಿಮೆ ಮಾಡಿ ಎಂದು ಮರಾಠಿಯಲ್ಲಿ ಕೇಳಿಬಿಟ್ಟಿತು: "ಮ್ಯಾಡಮ್, ಥೋಡಂ ಕಮೀ ಕರಾ ನಾ!"

ಅವಳ ಕೈ ಕೀಲಿಮಣೆಯ ಮೇಲೆಯೇ ನಿಂತಿತು. ಮ್ಯಾನೇಜರು ಕನ್ನಡಕವನ್ನು ಹಣೆಗೇರಿಸಿ, ಒಂದು ಅಂಗೈಯಿಂದ ನನ್ನ ಬಾಯಿ ಮುಚ್ಚಿದರು. ಇನ್ನೊಂದು ಕೈಯಿಂದ ಸಹಿಯ ಜಾಗ ತೋರಿಸಿದರು.

"ಇರ್ಲಿ ರೀ," ಎಂದರು. "ಮುಂದ?"