ಮೂವತ್ತು ವರ್ಷದ ಬಾಂಡು

ತವರಿನ ಹೊಲದಲ್ಲಿ ನನ್ನ ಪಾಲು ಬಿಟ್ಟುಕೊಟ್ಟು ರುಜು ಹಾಕಿದ ದಿನ ಅತ್ತಿಗೆ ಉಡಿ ತುಂಬಿದಳು. ಕೊಟ್ಟೂರಿನಲ್ಲಿ ಮೆಕ್ಕೆಜೋಳದ ವ್ಯಾಪಾರ ಮಾಡುವ ಅಣ್ಣ ಪಾಲಿನ ಬದಲಿಗೆ ನನ್ನ ಹೆಸರಿನಲ್ಲಿ ಮೂವತ್ತು ವರ್ಷದ ಸರ್ಕಾರಿ ಬಾಂಡು ಕೊಂಡಿದ್ದ.

"ಸರ್ಕಾರದ್ದು ತಂಗಿ, ಮುಳುಗಂಗಿಲ್ಲ. ಆರಾರು ತಿಂಗಳಿಗೆ ಬಡ್ಡಿ ಬರ್ತೈತಿ, ಆರಾಮ ಇರು" ಎಂದ.

ಉಡಿಗೆ ಹಾಕಿದ್ದನ್ನು ತವರಿನಲ್ಲೇ ನಿಂತು ಎಣಿಸುವುದು ನಮ್ಮಲ್ಲಿ ಮರ್ಯಾದೆಯಲ್ಲ. ಮೂವತ್ತು ವರ್ಷ ಯಾಕೆ ಎಂದು ನಾನೂ ಬಾಯಿ ಬಿಡಲಿಲ್ಲ. ಗಂಡನಿಲ್ಲ, ಮಕ್ಕಳಿಲ್ಲ, ಹಗರಿಬೊಮ್ಮನಹಳ್ಳಿಯ ಬಾಡಿಗೆ ಮನೆಯಲ್ಲಿ ರೊಟ್ಟಿ ಬಡಿದು ಮಾರುವವಳು. ಬಡ್ಡಿ ಬರುತ್ತಿತ್ತು, ಸುಮ್ಮನಿದ್ದೆ.

ಮನೆಯ ಮಾಲೀಕ ಮನೆ ಮಾರುತ್ತೇನೆಂದಾಗ ನನಗೇ ಕೊಡಿ ಎಂದೆ. ಬಾಂಡಿಗೆ ಹಾಕಿದಷ್ಟು ಹಣ ಮರಳಿ ಬಂದರೆ ಸರಿಯಾಗಿ ಸಾಲುತ್ತಿತ್ತು. ಬಾಂಡು ಕೊಡಿಸುವ, ಮಾರಿಸಿಕೊಡುವ ಕಚೇರಿಗೆ ಹೋದರೆ, ಅಲ್ಲಿಯವನು ಹಾಕಿದಷ್ಟೂ ಬರುವುದಿಲ್ಲ ಎಂದ.

"ಅಕ್ಕಾರ, ನೀವು ತಗಂಡಾಗ ಬಡ್ಡಿ ಕಡಿಮಿ ಇತ್ತು. ಈಗ ಏರೈತಿ. ಹೊಸ ಬಾಂಡು ಜಾಸ್ತಿ ಕೊಡ್ತಿರಬೇಕಾದ್ರ ನಿಮ್ದನ್ನ ಪೂರಾ ರೇಟಿಗೆ ಯಾರು ತಗಂತಾರ್ರಿ?"

ಹಾಕಿದ ಹಣ ಮರಳಿ ಕೈಸೇರಲು ಸರಾಸರಿ ಎಷ್ಟು ವರ್ಷ ಕಾಯಬೇಕು ಎಂಬ ಲೆಕ್ಕಕ್ಕೆ ಡ್ಯುರೇಷನ್ ಎನ್ನುತ್ತಾರಂತೆ. ಅದು ಉದ್ದವಾದಷ್ಟೂ ಬಡ್ಡಿ ಏರಿದಾಗ ಬಾಂಡಿನ ಬೆಲೆ ಹೆಚ್ಚು ಬೀಳುತ್ತದಂತೆ. ನನಗೆ ಹೊಲದ ಭಾಷೆಯಲ್ಲಿ ತಿಳಿಯಿತು. ಹಂಪಸಾಗರದ ಕಡೆ ನೀರಾವರಿ ಹೊಲವನ್ನು ಒಂದು ವರ್ಷಕ್ಕೆ ಗುತ್ತಿಗೆ ಕೊಟ್ಟವನು ಮರುವರ್ಷ ದರ ಏರಿಸಿಕೊಳ್ಳುತ್ತಾನೆ. ಇಪ್ಪತ್ತು ವರ್ಷಕ್ಕೆ ಬರೆದುಕೊಟ್ಟವನು ಬದುವಿನ ಮೇಲೆ ನಿಂತು ನೋಡುತ್ತಾನೆ. ಅಂಥ ಹೊಲ ಮಾರಲು ಹೋದರೆ ಬೆಲೆ ಮುರಿಯದೆ ಯಾರು ಕೊಳ್ಳುತ್ತಾರೆ?

ಮೆಕ್ಕೆಜೋಳವನ್ನು ಒಂದು ಹಂಗಾಮಿನ ಆಚೆ ಗೋದಾಮಿನಲ್ಲಿ ಇಡದ ಅಣ್ಣನಿಗೆ ಇದು ಗೊತ್ತಿರಲಿಲ್ಲವೇ? ಮರುದಿನವೇ ಕೊಟ್ಟೂರಿನ ಬಸ್ಸು ಹತ್ತಿದೆ.

"ಕಡಿಮಿ ಬಿದ್ದಷ್ಟು ನೀ ಕೊಡಣ್ಣ, ಮನಿ ಕೈತಪ್ಪಿ ಹೋಗ್ತೈತಿ" ಎಂದೆ.

"ಈಗೆಲ್ಲಿಂದ ತರ್ಲಿ?"

"ನಿನ್ ರೊಕ್ಕಾನೂ ಮೂವತ್ತು ವರ್ಷಕ್ಕ ಇಟ್ಟೀಯೇನು?"

"ನಂದು ವ್ಯಾಪಾರದ್ದು, ಯಾವಾಗ ಬೇಕಾಗ್ತೈತೋ ಏನೋ. ವರ್ಷದ ಮ್ಯಾಲೆ ಇಡಂಗಿಲ್ಲ. ನಿನಗೇನು ಖರ್ಚೈತಿ ಹೇಳು?"

ಗಂಡಸಿನ ಹಣಕ್ಕೆ ಅವಸರ ಇರುತ್ತದೆ, ಹೆಂಗಸಿನ ಹಣಕ್ಕೆ ಇರುವುದಿಲ್ಲ! ಅತ್ತಿಗೆ ಚಹಾ ತಂದಿಟ್ಟಳು. ನಾನು ಮುಟ್ಟಲಿಲ್ಲ.

"ಈಗ ಮಾರಬ್ಯಾಡ. ಮುದ್ದತು ಮುಗೀಲಿ, ಒಂದು ಪೈಸೆ ಕಡಿಮಿ ಆಗಂಗಿಲ್ಲ" ಎಂದ.

"ಅಷ್ಟೊತ್ತಿಗೆ ನನಗ ಎಂಬತ್ತು ದಾಟಿರ್ತೈತಿ. ಇರ್ತೀನೋ ಇಲ್ಲೋ."

ಅಣ್ಣನ ಮುಖದಲ್ಲಿ ಅಳುಕಿರಲಿಲ್ಲ. ಸಮಾಧಾನ ಹೇಳುವವನಂತೆ ನನ್ನ ಭುಜ ಮುಟ್ಟಿದ.

"ನೀನಿಲ್ಲಂದ್ರೂ ರೊಕ್ಕ ಎಲ್ಲಿ ಹೋಗ್ತೈತಿ? ನಾಮಿನಿ ನನ್ನ ಮಗ ಅದಾನಲ್ಲ."