ಕೆರೆಯಂಗಳದಲ್ಲಿ ಕೇಳಿದ ಪ್ರಶ್ನೆ

ದೆವ್ವ, ಅಶರೀರವಾಣಿ ಎಂದೆಲ್ಲ ಹೇಳುವವರನ್ನು ಕಂಡರೆ ನಾನು ನಗುತ್ತಿದ್ದೆ. ಈಗ ನೀವು ನನ್ನನ್ನು ನೋಡಿ ನಕ್ಕರೂ ಬೇಸರವಿಲ್ಲ.

ಕೆಲವು ವರ್ಷಗಳ ಹಿಂದೆ ಕೆರೆ ಉಳಿಸುವ ಸಂಸ್ಥೆಯೊಂದಕ್ಕೆ ಸೇರಿದ್ದೆ. ಹಳ್ಳಿಗಳಿಗೆ ಹೋಗಿ ಜನರೊಂದಿಗೆ ಮಾತಾಡುವುದೇ ಕೆಲಸ. ಅದಕ್ಕಾಗಿ ಯಲಬುರ್ಗಾದಲ್ಲಿ ಐದು ದಿನದ ತರಬೇತಿ. ಕೊನೆಯ ದಿನ ತಳಕಲ್ಲು ಎಂಬ ಹಳ್ಳಿಯ ಜನರೆದುರು ಹತ್ತು ನಿಮಿಷ ಮಾತಾಡಬೇಕು. ಜನ ಎದ್ದು ಹೋದರೆ ಕೆಲಸವೂ ಹೋದಂತೆ. ತರಬೇತಿ ಕೊಡುತ್ತಿದ್ದ ಶಾಂತಕ್ಕ ನನ್ನ ಮಾತು ಕೇಳಿ, "ತಂಗಿ, ನೀ ಪುಸ್ತಕದಾಗಿನ ಕನ್ನಡಾ ಓದಾಕತ್ತಿ" ಎಂದಿದ್ದರು. ಜೊತೆಗಿದ್ದ ಮೂವರು ನಿದ್ದೆ ಹೋಗಿದ್ದನ್ನು ನಾನೂ ನೋಡಿದ್ದೆ.

ನಾಲ್ಕನೆಯ ದಿನ ಮಧ್ಯಾಹ್ನ ಬಸ್ಸು ಹತ್ತಿ ತಳಕಲ್ಲಿಗೆ ಹೋದೆ. ಊರ ಹೊರಗಿನ ಬತ್ತಿದ ಕೆರೆಯಲ್ಲಿ ಅಭ್ಯಾಸ ಮಾಡುವ ವಿಚಾರ. ಗಿಡವಿಲ್ಲ, ಮರೆಯಿಲ್ಲ. ಗೂಟಕ್ಕೆ ಕಟ್ಟಿದ ಒಂದು ಎಮ್ಮೆ ಬಿಟ್ಟರೆ ಯಾರೂ ಇಲ್ಲ. ಗಂಟಲು ಸರಿಮಾಡಿಕೊಂಡು, ಜೀವವೈವಿಧ್ಯದ ಸಮತೋಲನ ಕಾಪಾಡಬೇಕು ಎಂದು ಶುರುಮಾಡಿದೆ.

"ಅಂದ್ರ ಏನ್ರಿ?"

ಹೆಂಗಸಿನ ದನಿ, ಸ್ವಲ್ಪ ಬೇಸತ್ತದ್ದು. ಸುತ್ತ ನೋಡಿದೆ. ಎಮ್ಮೆ ಮೆಲುಕು ಹಾಕುತ್ತಿತ್ತು. ಓಡಿಹೋಗಬೇಕಿತ್ತು. ಆದರೆ ಹಳ್ಳಿಯಲ್ಲಿ ಕೇಳಿದ ಪ್ರಶ್ನೆಗೆ ಉತ್ತರ ಕೊಡದೆ ಬರಬಾರದೆಂದು ಶಾಂತಕ್ಕ ಬೆಳಿಗ್ಗೆಯಷ್ಟೇ ಹೇಳಿದ್ದರು. ಕೆರೆ ಹೋದರೆ ಎಲ್ಲರಿಗೂ ತೊಂದರೆ ಎಂದೆ.

"ಎಲ್ಲಾರು ಅಂದ್ರ ಯಾರ್ಯಾರ್ರಿ?"

ಕಪ್ಪೆ, ಕೊಕ್ಕರೆ, ಬಟ್ಟೆ ಒಗೆಯುವವರು, ದನ ಕಾಯುವವರು ಎಂದು ಹೆಸರಿಸುತ್ತ ಹೋದೆ. ಅರ್ಧ ತಾಸು ಅದು ಕೇಳಿತು, ನಾನು ಹೇಳಿದೆ. ಕಡೆಗೆ, "ಈಗ ತಿಳೀತು ನೋಡ್ರಿ" ಎಂದಿತು. ಆಮೇಲೆ ಚಪ್ಪಲಿ ಕೈಯಲ್ಲಿ ಹಿಡಿದು ಓಡಿದೆ.

ಮರುದಿನ ಜನರೆದುರು ಹಾಗೆಯೇ ಮಾತಾಡಿದೆ. ಯಾರೂ ಏಳಲಿಲ್ಲ. ಹೂಳು ತೆಗೆಯುವ ಮಾತನ್ನು ಅವರೇ ಎತ್ತಿದರು. ಮುಗಿದ ಮೇಲೆ ಶಾಂತಕ್ಕನಿಗೆ ಎಲ್ಲ ಹೇಳಿ ಕೆರೆಗೆ ಕರೆದೊಯ್ದೆ. ಎಮ್ಮೆಯ ಒಡತಿ ಅಲ್ಲಿದ್ದಳು. ನಿನ್ನೆ ಇಲ್ಲಿ ಯಾರಿದ್ದರೆಂದು ಶಾಂತಕ್ಕ ವಿಚಾರಿಸಿದರು. ತಾನು ಎಮ್ಮೆ ಕಟ್ಟಿ ಗಂಗಾವತಿಗೆ ಹೋಗಿದ್ದೆ, ಈ ಕಡೆ ಯಾರೂ ಬರುವುದಿಲ್ಲ ಎಂದಳು. ನಾನು ನಾಚಿಕೆ ಬಿಟ್ಟು ಎಮ್ಮೆಯ ಬಗ್ಗೆಯೇ ಕೇಳಿಬಿಟ್ಟೆ.

"ಇದಕ್ಕ ಮಾತ್ ಬರ್ತಿದ್ರ ಮೊದ್ಲ ನನಗ ಬೈತಿತ್ರಿ" ಎಂದಳು.

ಎಮ್ಮೆ ಮಾತಾಡಿತು ಎಂದು ನಾನು ಹೇಳುತ್ತಿಲ್ಲ. ಅಲ್ಲಿ ಬೇರೆ ಯಾರೂ ಇರಲಿಲ್ಲ ಎಂದಷ್ಟೇ ಹೇಳುತ್ತಿದ್ದೇನೆ. ಈಗ ಹೊಸಬರಿಗೆ ನಾನೇ ತರಬೇತಿ ಕೊಡುತ್ತೇನೆ. ನಿಮಗೆ ಯಾರು ಕಲಿಸಿದರು ಮೇಡಂ ಎಂದು ಯಾರಾದರೂ ಕೇಳಿದರೆ ಶಾಂತಕ್ಕನ ಹೆಸರು ಹೇಳುತ್ತೇನೆ. ಆಗ ಶಾಂತಕ್ಕ ಪಕ್ಕದಲ್ಲಿದ್ದರೆ, ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡುವುದಿಲ್ಲ.