ನಾನು ಹಾಕಿಸದ ಡೀಸೆಲ್

ಭಾನುವಾರ, ಬೆಳಿಗ್ಗೆ ಆರೂವರೆ. ಸ್ಥಳ, ದೆಹಲಿಯ ಮುಖರ್ಜಿ ನಗರದ ನಮ್ಮ ಮನೆಯ ಗೇಟು. ಹಾಜರಿದ್ದವರು: ನಾನು, ನೀರಿನ ಟ್ಯಾಂಕರಿನ ಚಾಲಕ, ಹಿಂದಿನ ದಿನ ಮಗಳ ಜೊತೆ ಗುರುಗ್ರಾಮದಿಂದ ಬಂದಿದ್ದ ಅಳಿಯ ವಿನಯ್, ಮೇಲೆ ಬಾಲ್ಕನಿಯಲ್ಲಿ ನನ್ನ ಹೆಂಡತಿ ಕಮಲಾ. ಇದೇನು ಹೀಗೆ ಶುರು ಮಾಡಿದ ಎನ್ನಬೇಡಿ. ನೌಕರಿಯುದ್ದಕ್ಕೂ ಸಭೆಗಳ ನಡಾವಳಿ ಬರೆದ ಕೈ ಇದು, ಬೇರೆ ರೀತಿ ಆರಂಭಿಸಲು ಒಪ್ಪುವುದಿಲ್ಲ.

ಟ್ಯಾಂಕರು ನೀರು ಬಿಟ್ಟು ಎಂಜಿನ್ ಚಾಲೂ ಮಾಡಿದಾಗ ಡೀಸೆಲ್ ವಾಸನೆ ಮುಖಕ್ಕೆ ಬಡಿಯಿತು. ಆ ವಾಸನೆಗೆ ಬೇರೆಯವರಿಗೆ ತಲೆನೋವು ಬರುತ್ತದೆ. ನನಗೆ ಮೊದಲು ದೀಪಾವಳಿ ನೆನಪಾಗುತ್ತದೆ, ಆಮೇಲೆ ತಲೆನೋವು ಬರುತ್ತದೆ.

ನನ್ನ ಮೋಟಾರ್ ಸೈಕಲ್ಲಿನ ವಿಷಯ ಸ್ವಲ್ಪ ಹೇಳಬೇಕು. ಗಂಟೆ ಹೊಡೆದರೆ ಏಳುವ, ಗಂಟೆ ಹೊಡೆದರೆ ಉಣ್ಣುವ ಹಾಸ್ಟೆಲ್ಲಿನಲ್ಲಿ ಬೆಳೆದವನು ನಾನು. ನನ್ನ ಗಾಡಿಯೂ ಹಾಗೇ ಬೆಳೆಯಿತು. ಸೋಮವಾರ ಪೆಟ್ರೋಲು, ಭಾನುವಾರ ಒರೆಸುವುದು, ಶನಿವಾರ ಸಂಜೆ ಕಮಲಾಳನ್ನು ಹಿಂದೆ ಕೂರಿಸಿಕೊಂಡು ಕರೋಲ್ ಬಾಗ್‌ಗೆ ಹೋಗಿ, ಕಾಫಿ ಬೀಜ ಹುರಿಸಿ, ಪುಡಿ ಮಾಡಿಸಿಕೊಂಡು ಬರುವುದು. ಆ ಬಿಸಿ ಪುಡಿಯ ಪೊಟ್ಟಣವನ್ನು ಅವಳು ಮಡಿಲಲ್ಲಿಟ್ಟುಕೊಂಡರೆ ಮನೆ ಸೇರುವವರೆಗೂ ದೆಹಲಿಯ ಹೊಗೆ ನಮ್ಮ ಮೂಗಿಗೆ ತಾಗುತ್ತಿರಲಿಲ್ಲ. ವಾರವಿಡೀ ಹೆಚ್ಚು ಮಾತನಾಡದ ಹೆಂಗಸು ಹಿಂದಿನ ಸೀಟಿನಲ್ಲಿ ಕೂತರೆ ಕರೋಲ್ ಬಾಗ್‌ವರೆಗೆ ನಿಲ್ಲಿಸದೆ ಮಾತನಾಡುತ್ತಿದ್ದಳು. ಹೆಲ್ಮೆಟ್ಟಿನೊಳಗೆ ನನಗೆ ಅರ್ಧ ಕೇಳಿಸುತ್ತಿರಲಿಲ್ಲ, ಆದರೂ ಹೂಂ ಅನ್ನುತ್ತಿದ್ದೆ.

ಈ ವಯಸ್ಸಿಗೆ ಅಪ್ಪ ಬೈಕ್ ಓಡಿಸಬಾರದು ಎಂದು ಮಗಳು ಸುಧಾ ಹಟ ಹಿಡಿದಿದ್ದಳು. ಅವಳಿಗೆ ಬೇಕಾಗಿದ್ದದ್ದು ಒಂದು ಕಾರಣ. ಅದನ್ನು ತಟ್ಟೆಯಲ್ಲಿಟ್ಟು ಕೊಟ್ಟವನು ಅವಳ ಗಂಡ.

ಹೋದ ವರ್ಷ ಅವರ ಮದುವೆಯಾದ ಮೇಲಿನ ಮೊದಲ ದೀಪಾವಳಿ. ಮನೆ ತುಂಬ ನೆಂಟರು. ನರಕ ಚತುರ್ದಶಿಯ ಬೆಳಿಗ್ಗೆ ಮೊದಲು ಅಳಿಯನಿಗೆ ಎಣ್ಣೆ, ನೀರು, ಆರತಿ, ಹೊಸ ರೇಷ್ಮೆ ಪಂಚೆ ಎಲ್ಲ ಆಯಿತು. ನಾನು ತಲೆಗೆ ಎಣ್ಣೆ ಒತ್ತಿಸಿಕೊಂಡು ಬಚ್ಚಲಿನ ಸರದಿಗೆ ಕಾಯುತ್ತಿದ್ದೆ. ಆಗ ಅಡುಗೆಮನೆಯಿಂದ ವೀಳ್ಯದೆಲೆ ಸಾಲದು ಎಂಬ ಕೂಗು ಬಂತು.

"ನಾನು ತರ್ತೀನಿ ಮಾವ, ಕೀ ಕೊಡಿ. ಐದೇ ನಿಮಿಷ" ಅಂದ ವಿನಯ್.

"ಅಳಿಯಂದಿರನ್ನ ಅಂಗಡಿಗೆ ಕಳಿಸ್ತಾರೇನ್ರೀ?" ಎಂದು ಕಮಲಾ ನನ್ನನ್ನೇ ಗದರಿದಳು. ಅಷ್ಟರಲ್ಲಿ ಅಳಿಯಂದಿರು ಹೊರಟಾಗಿತ್ತು.

ಐದು ನಿಮಿಷ ಹೋಗಿ ಅರ್ಧ ಗಂಟೆಯಾಯಿತು. ಫೋನ್ ಬಂತು. "ಮಾವ, ಗಾಡಿ ಹೊಗೆ ಬಿಡ್ತಾ ನಿಂತುಬಿಟ್ಟಿದೆ. ನೀವೊಬ್ಬರೇ ಬನ್ನಿ."

ಇ-ರಿಕ್ಷಾ ಹತ್ತಿ ಹೋದೆ. ಬನಿಯನ್ ಮೇಲೆ ಟವೆಲ್ಲು, ತಲೆಯಿಂದ ಕಿವಿಯವರೆಗೆ ಎಣ್ಣೆ. "ಅಂಕಲ್ ಜೀ, ತಬೀಯತ್ ಠೀಕ್ ಹೈ?" ಎಂದು ರಿಕ್ಷಾದವನು ಕಾಳಜಿಯಿಂದ ಕೇಳಿದ. ಸಿಗ್ನಲ್ ಹತ್ತಿರ ಜರಿಯಂಚಿನ ಪಂಚೆಯುಟ್ಟ ನನ್ನ ಅಳಿಯ ವೀಳ್ಯದೆಲೆಯ ಕಟ್ಟು ಹಿಡಿದು, ಯಾರದೋ ಮದುವೆ ದಿಬ್ಬಣ ತಪ್ಪಿಸಿಕೊಂಡವನಂತೆ ನಿಂತಿದ್ದ. ಟ್ಯಾಂಕಿನ ಮುಚ್ಚಳ ತೆಗೆದೆ. ಮೂಗು ಹತ್ತಿರ ಒಯ್ಯುವ ಅಗತ್ಯವೂ ಬೀಳಲಿಲ್ಲ.

"ಏನು ಹಾಕಿಸಿದಿರಿ?"

"ವಾಪಸ್ ಕೊಡುವಾಗ ಟ್ಯಾಂಕ್ ಫುಲ್ ಇರಲಿ ಅಂತ..."

"ಏನು ಹಾಕಿಸಿದಿರಿ ಅಂದೆ."

"ನನ್ನ ಕಾರು ಡೀಸೆಲ್ಲು ಮಾವ. ಬಾಯಿಗೆ ಅದೇ ಬಂತು. ಪಂಪಿನವನೂ ಫೋನಲ್ಲಿದ್ದ, ಹಾಕೇಬಿಟ್ಟ." ಆಮೇಲೆ ಒಂದಿಷ್ಟು ಹೆಮ್ಮೆಯಿಂದಲೇ ಸೇರಿಸಿದ: "ಆದರೆ ಮೀಟರ್ ಸರಿಯಾಗಿ ನೋಡಿದೆ. ಝೀರೋನೇ ಇತ್ತು."

ನೋಡಿ, ಈ ಊರಿನ ಪಂಪಿನಲ್ಲಿ ನಾವೆಲ್ಲ ಕಲಿತ ಪಾಠ ಅದೊಂದೇ. ಮೋಸ ಹೋಗಬಾರದು, ಝೀರೋ ನೋಡಬೇಕು. ಝೀರೋದಿಂದ ಶುರುವಾಗಿ ಟ್ಯಾಂಕಿಗೆ ಹೋಗುತ್ತಿರುವುದು ಏನು ಎಂದು ನೋಡಲು ಯಾರೂ ಹೇಳಿಕೊಟ್ಟಿಲ್ಲ. ಅದೂ ಇರಲಿ, ಟ್ಯಾಂಕಿನಲ್ಲಿ ಅರ್ಧ ಪೆಟ್ರೋಲ್ ಇತ್ತು. ಸೋಮವಾರವಷ್ಟೇ ಹಾಕಿಸಿದ್ದೆ. ಯಾರು ಕೇಳಿದ್ದರು?

ಇಬ್ಬರೂ ಗಾಡಿ ತಳ್ಳಿದೆವು. ಅವನು ಪಂಚೆ ಮೇಲೆತ್ತಿ ಕಟ್ಟಿದ, ನಾನು ಕಣ್ಣಿಗಿಳಿಯುವ ಎಣ್ಣೆ ಒರೆಸಿಕೊಂಡೆ. ಟೀ ಅಂಗಡಿ ಮುಂದೆ ನಿಂತಿದ್ದ ಕೋಚಿಂಗ್ ಕ್ಲಾಸಿನ ಹುಡುಗರು "ಹ್ಯಾಪಿ ದಿವಾಲಿ ಅಂಕಲ್" ಎಂದರು. ಮನೆಯ ಗೇಟು ಕಾಣಿಸಿದಾಗ ವಿನಯ್ ಮೆಲ್ಲಗೆ, "ಮಾವ, ಎಲ್ಲರೂ ಇದ್ದಾರೆ..." ಎಂದ. ಅಷ್ಟೇ ಅಂದದ್ದು.

ಮೆಟ್ಟಿಲ ಮೇಲೆ ಸುಧಾ, ಅವಳ ಹಿಂದೆ ನೆಂಟರ ಸಾಲು. ಬಾಗಿಲ ಪಕ್ಕದಲ್ಲಿ ಅಳಿಯನಿಗೆ ಎತ್ತಿದ ಆರತಿ ತಟ್ಟೆಯ ಕುಂಕುಮದ ನೀರು ಇನ್ನೂ ಹಾಗೇ ಇತ್ತು. "ಏನಾಯ್ತಪ್ಪಾ?" ಎಂದಳು. ಮೊದಲ ಹಬ್ಬಕ್ಕೆ ಬಂದ ಅಳಿಯನನ್ನು ಅಷ್ಟು ಜನರ ಮುಂದೆ ನಗೆಪಾಟಲು ಮಾಡುವುದು ನಮ್ಮ ಮನೆತನದಲ್ಲಿ ಉಂಟೇ? "ನಿನ್ನೆ ನಾನೇ ತಪ್ಪಿ ಡೀಸೆಲ್ ಹಾಕಿಸಿಬಿಟ್ಟಿದ್ದೆ" ಎಂದೆ.

"ನೋಡಿದೆಯಾ ಅಮ್ಮಾ? ಬಸ್, ಬಹುತ್ ಹೋ ಗಯಾ. ಇವತ್ತು ಡೀಸೆಲ್, ನಾಳೆ ಇನ್ನೇನೋ. ಅಪ್ಪಾ, ಕೀ ಕೊಡು."

ಕೀ ಗುರುಗ್ರಾಮಕ್ಕೆ ಹೋಯಿತು. ಮೆಕ್ಯಾನಿಕ್ ಟ್ಯಾಂಕ್ ಬರಿದು ಮಾಡಿ ತೊಳೆದುಕೊಟ್ಟ ಗಾಡಿ ಗೇಟಿನ ಪಕ್ಕ ನಿಂತಿತು. ಭಾನುವಾರ ಭಾನುವಾರ ಒರೆಸುತ್ತಿದ್ದೆ, ಅಷ್ಟೇ. ನಾವು ಮೆಟ್ರೋದಲ್ಲಿ ಕರೋಲ್ ಬಾಗ್‌ಗೆ ಹೋದೆವು. ಕಮಲಾಳಿಗೆ ಸೀಟು ಸಿಕ್ಕರೆ ನನಗೆ ಸಿಗುತ್ತಿರಲಿಲ್ಲ, ಅವಳು ಆ ತುದಿ, ನಾನು ಈ ತುದಿ. ಮಾತು ನಿಂತಿತು. ಆಮೇಲೆ ಅವಳು ಬರುವುದನ್ನೇ ಬಿಟ್ಟಳು. ಅಂಗಡಿಯ ರೆಡಿ ಪೊಟ್ಟಣದ ಕಾಫಿಪುಡಿ ಮನೆಗೆ ಬಂತು.

ಇದೆಲ್ಲ ಸಹಿಸಬಹುದು. ಸಹಿಸಲಾಗದ್ದು ಕಥೆ. ಕನ್ನಡದವರ ಕೂಟಕ್ಕೆ ಹೋದರೆ "ಏನ್ ಸಾರ್, ಇವತ್ತು ಸೀಮೆಎಣ್ಣೆಯೋ?" ಎನ್ನುವವರು. ಅದನ್ನು ಎಲ್ಲರಿಗಿಂತ ಚೆನ್ನಾಗಿ ಹೇಳುವವನು ಯಾರು ಗೊತ್ತೇ? ವಿನಯ್! "ಪಾಪ, ಮಾವ ಝೀರೋ ನೋಡ್ತಾ ನಿಂತಿದ್ದರಂತೆ" ಎಂದು ತನ್ನ ಝೀರೋವನ್ನೂ ನನ್ನ ತಲೆಗೇ ಕಟ್ಟಿದ್ದ. ಹೇಳಿ ಹೇಳಿ ಅವನಿಗೇ ಅದು ನಿಜ ಅನ್ನಿಸಿಬಿಟ್ಟಿತ್ತೋ ಏನೋ.

ಒಬ್ಬಳು ಮಾತ್ರ ನಂಬಿರಲಿಲ್ಲ. ಒಂದು ದಿನ ಪೊಟ್ಟಣ ಕತ್ತರಿಸುತ್ತಾ ಕಮಲಾ ಅಂದಳು: "ಹಬ್ಬದ ಹಿಂದಿನ ದಿನ ನೀವು ಹಾಕಿಸಿದ್ದರೆ ಗಾಡಿ ಹಿಂದಿನ ದಿನವೇ ನಿಲ್ಲಬೇಕಿತ್ತಲ್ಲ. ಮನೆ ತುಂಬ ಇಂಜಿನಿಯರುಗಳು, ಒಬ್ಬರಿಗೂ ಹೊಳೀಲಿಲ್ಲ."

"ಮತ್ತೆ ನೀನ್ಯಾಕೆ ಸುಮ್ಮನಿದ್ದೆ?"

"ನೀವ್ಯಾಕೆ ಸುಮ್ಮನಿದ್ದಿರೋ, ಅದಕ್ಕೇ."

ಈಗ ಭಾನುವಾರಕ್ಕೆ ಬರೋಣ. ವಾಸನೆ ಬಂದದ್ದೇ ತಡ, ವಿನಯ್ ಟ್ಯಾಂಕರಿನ ಚಾಲಕನ ಹೆಗಲ ಮೇಲೆ ಕೈಯಿಟ್ಟ. "ಭಯ್ಯಾ, ಮಾಲೂಮ್ ಹೈ? ಹಮಾರೇ ಸಸುರ್ ಜೀ ನೇ ಏಕ್ ಬಾರ್ ಬೈಕ್ ಮೇ..."

ನೆಂಟರಾಯಿತು, ಸ್ನೇಹಿತರಾಯಿತು, ಈಗ ನೀರಿನ ಟ್ಯಾಂಕರಿನವನಿಗೂ ಮಾವನ ಡೀಸೆಲ್ ಕಥೆ!

"ವಿನಯ್," ಎಂದೆ. "ಈ ಕಥೆಯನ್ನ ಇನ್ನೊಂದು ಸಲ ಹೇಳುವುದಾದರೆ ನನ್ನ ಕೀ ನನಗೆ ಕೊಟ್ಟು ಹೇಳಿ."

ಅವನ ಕೈ ಚಾಲಕನ ಹೆಗಲಿನಿಂದ ತಾನಾಗಿಯೇ ಕೆಳಗಿಳಿಯಿತು. ನನ್ನನ್ನು ನೋಡಿದ. ಬಟ್ಟೆ ಹೊದಿಸಿ ನಿಲ್ಲಿಸಿದ್ದ ಗಾಡಿಯನ್ನು ನೋಡಿದ. ಕಿವಿ ಕೆಂಪಾಯಿತು. ಆಮೇಲೆ ತಲೆಯೆತ್ತಿ, ಬೀದಿಗೆಲ್ಲ ಕೇಳುವಂತೆ ಕೂಗಿದ: "ಸುಧಾ! ಮಾವನ ಬೈಕ್ ಕೀ ನಿನ್ನ ಬ್ಯಾಗಲ್ಲಿದ್ದರೆ ಕೆಳಗೆ ಎಸೆ. ಆ ಡೀಸೆಲ್ ಹಾಕಿಸಿದ್ದು ನಾನು!"

"ಕ್ಯಾ?" ಎಂದು ಸುಧಾ ಬಾಲ್ಕನಿಗೆ ಬಂದಳು. ಗಂಡನನ್ನು ನೋಡಿದಳು, ಅಪ್ಪನನ್ನು ನೋಡಿದಳು, ನಗುತ್ತಿದ್ದ ಅಮ್ಮನನ್ನು ನೋಡಿದಳು. ಸ್ವಲ್ಪ ಹೊತ್ತಿನ ಮೇಲೆ ಕೀ ಬಂದು ನನ್ನ ಕಾಲ ಬಳಿ ಬಿತ್ತು.

ಒಂದು ವರ್ಷ ನಿಂತ ಗಾಡಿ ಒದ್ದರೆ ಏಳುತ್ತದೆಯೇ? ಮತ್ತೆ ನಾವಿಬ್ಬರೂ ಅದೇ ರಸ್ತೆಯಲ್ಲಿ ತಳ್ಳಿದೆವು, ಈ ಸಲ ಮೆಕ್ಯಾನಿಕ್ಕನ ಕಡೆಗೆ. ಅವನು ಮೈಯೆಲ್ಲ ಬಿಚ್ಚಿ ತೊಳೆದು ಎಬ್ಬಿಸಿದ. ಪಂಪಿನಲ್ಲಿ ವಿನಯ್ ನನಗಿಂತ ಮುಂಚೆ ಇಳಿದು "ಪೆಟ್ರೋಲ್, ಪೆಟ್ರೋಲ್" ಎಂದು ಎರಡೆರಡು ಸಲ ಹೇಳಿದ. ಎಂಟಕ್ಕೆ ಆಗಬೇಕಾದ ನನ್ನ ತಿಂಡಿ ಮಧ್ಯಾಹ್ನಕ್ಕೆ ಹೋಯಿತು.

ಸಂಜೆ ಕಮಲಾ ಕೈಚೀಲ ಹಿಡಿದು ಕೆಳಗಿಳಿದಳು. "ಇವತ್ತು ಶನಿವಾರ ಅಲ್ಲ" ಎಂದೆ. "ಗೊತ್ತು" ಎಂದು ಹಿಂದೆ ಕೂತಳು. ಒಂದು ವರ್ಷದ ಮಾತು ಬಾಕಿ ಇತ್ತು. ಕರೋಲ್ ಬಾಗ್ ಬಂದರೂ ಮುಗಿಯಲಿಲ್ಲ.

ಮನೆಗೆ ಬಂದು ಹೊಸ ಪುಡಿಯ ಡಿಕಾಕ್ಷನ್ ಇಳಿಯುವ ಹೊತ್ತಿಗೆ ವಿನಯ್ ಫೋನಿನಲ್ಲಿ ಯಾರಿಗೋ ಹೊಸ ಕಥೆ ಹೇಳುತ್ತಿದ್ದ: "ಪೆಟ್ರೋಲ್ ಪೂರ್ತಿ ಖಾಲಿಯಾಗಿತ್ತು ಕಣೋ, ಅದಕ್ಕೇ ಹಾಕಿಸಬೇಕಾಯ್ತು..." ಅರ್ಧ ಟ್ಯಾಂಕ್ ಇತ್ತು! ತಿದ್ದಲು ಬಾಯಿ ತೆರೆದೆ. ಕಮಲಾ ಕಾಫಿ ಲೋಟ ಕೈಗಿಟ್ಟಳು. ಕುಡಿದೆ. ಉಳಿದ ಪುಡಿಯನ್ನು ಡಬ್ಬಿಗೆ ತುಂಬಿ ಮುಚ್ಚಳ ಬಿಗಿದು, ಬೈಕಿನ ಕೀಯನ್ನು ಗೋಡೆಯ ಮೇಲಿನ ಅದರ ಹಳೆಯ ಮೊಳೆಗೆ ಹಾಕಿದೆ.